ತೆರೆಗೆ ಬೆನ್ನು ಹಾಕಿದ ಕುರ್ಚಿ

ಹೂವಿನ ಬುಟ್ಟಿಯ ಪಕ್ಕದಲ್ಲಿದ್ದ ಫೋನು ಮತ್ತೆ ನಡುಗಿದ್ದೇ ತಡ, ಮಗಳು ಅದನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಒಳಗೆ ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿದ್ದರು.

"ಸಾವಿನ ಮನೇಲಿ ಕೇಳಬಾರದು, ಕ್ಷಮಿಸಮ್ಮ," ಎಂದರು ನಿರ್ಮಾಪಕರು. "ಆದ್ರೆ ನಿನ್ನೆ ಸಿನಿಮಾ ಬಿಡುಗಡೆ ಆದಾಗಿಂದ ಜನ ಫೋನಲ್ಲಿ ವಿಷ ಕಾರ್ತಾ ಇದ್ದಾರೆ. ಫೈಟಿಲ್ಲ, ಹೀರೋ ಬಂದ್ರೆ ಶಿಳ್ಳೆ ಹೊಡೆಯೋ ಹಾಗಿಲ್ಲ, ಆ ತಾಯಿ ಸುಮ್ನೆ ಕೂತಿರೋ ನಾಲ್ಕು ನಿಮಿಷ ನಿದ್ದೆ ಮಾತ್ರೆ ಅಂತೆ. ಎಡಿಟರ್ ನೀನು. ಕತ್ತರಿಸೋದಾ ಬೇಡ್ವಾ, ಸಂಜೆಯೊಳಗೆ ಹೇಳು."

ಆ ನಾಲ್ಕು ನಿಮಿಷ ಉಳಿಯಲೇಬೇಕೆಂದು ಹಟ ಹಿಡಿದವಳು ಅವಳೇ. ಈಗ ಧೈರ್ಯ ಸಾಲದು. ಬೇಕಾಗಿದ್ದುದು ಅಪ್ಪನ ಒಂದೇ ಒಂದು ಮಾತು. ಅವರೋ ನಿನ್ನೆ ಥಿಯೇಟರಿನಲ್ಲಿ ಆ ಚಿತ್ರದ ಬೆಳಗಿನ ಮೊದಲ ಆಟ ಮುಗಿಸಿ ಬಂದು, ಉಂಡು, ಮಗಳಿಗೆ ಫೋನು ಮಾಡುವ ಮೊದಲೇ ಒರಗಿದವರು ಮತ್ತೆ ಏಳಲಿಲ್ಲ.

"ಅತ್ತೆ, ಅಪ್ಪ ನನ್ನ ಸಿನಿಮಾ ಬಗ್ಗೆ ಏನಾದ್ರೂ ಅಂದ್ರಾ?" ಒಳಗೆ ಬಂದು ಕೇಳಿದಳು.

"ಅವನೆಲ್ಲಿ ಸಿನಿಮಾ ನೋಡ್ತಿದ್ದ ಪುಟ್ಟಿ, ಅನ್ನೋಕೆ?" ಅತ್ತೆ ಮೂಗೊರೆಸಿಕೊಂಡರು. "ಹೆಣ್ಣು ನೋಡೋಕೆ ಹೋದಾಗಲೂ ನಿಮ್ಮಮ್ಮನ್ನ ನೋಡ್ಲಿಲ್ಲ. ನಮ್ಮ ಮುಖಾನೇ ನೋಡ್ತಾ ಕೂತಿದ್ದ, ನಮಗೆ ಒಪ್ಪಿಗೆಯಾಯ್ತಾ ಅಂತ!"

ಅಳುತ್ತಿದ್ದ ಹೆಂಗಸರು ನಕ್ಕುಬಿಟ್ಟರು. ಮಗಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

*

ಥಿಯೇಟರಿನ ಮ್ಯಾನೇಜರಾಗಿ ಅಪ್ಪ ನಲವತ್ತು ವರ್ಷ ತೆರೆಗೆ ಬೆನ್ನು ಹಾಕಿ ಕೂತವರು. ಪ್ರತಿ ಹೊಸ ಚಿತ್ರದ ಮೊದಲ ಆಟಕ್ಕೆ ತೆರೆಯ ಮುಂದಿನ ಮೂಲೆಯಲ್ಲಿ ತಮ್ಮ ಮರದ ಕುರ್ಚಿಯಲ್ಲಿ ಕೂತು ಜನರ ಮುಖ ಓದುತ್ತಿದ್ದರು. ಆಮೇಲೆ ಅವರು "ಆರು ವಾರ" ಎಂದರೆ ಚಿತ್ರ ಓಡುವುದು ಆರು ವಾರ, "ಮೂರೇ ದಿನ" ಎಂದರೆ ಮೂರೇ ದಿನ. ಮಾಲೀಕರು ಎರಡನೆಯವರನ್ನು ಕೇಳುತ್ತಿರಲಿಲ್ಲ.

ಮಗಳು ಚಿಕ್ಕವಳಿದ್ದಾಗ ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. "ಒಬ್ಬ ಕೆಮ್ಮಿದರೆ ಶೀತ. ಹತ್ತು ಜನ ಕೆಮ್ಮಿದರೆ ಕತೆ ಸತ್ತಿದೆ ಅಂತ ತಿಳ್ಕೋ."

"ನಿಮಗೆ ಹೇಗನ್ನಿಸ್ತಪ್ಪಾ?"

"ನನ್ನದೇನು ಬಿಡು. ಜನ ಒಪ್ಪಿದರೆ ದೇವರು ಒಪ್ಪಿದ ಹಾಗೆ."

*

ಮಣ್ಣು ಮಾಡಿ ಹಿಂತಿರುಗುವಾಗ ಬಿಸಿಲು ಇಳಿದಿತ್ತು. ಫೋನು ಎರಡು ಸಲ ಬಡಿದುಕೊಂಡಿತು. ಅಪ್ಪನ ಜೊತೆಯಲ್ಲೇ ಮುದುಕನಾದ ಥಿಯೇಟರಿನ ಗೇಟ್‌ಮ್ಯಾನ್ ಮುಂದೆ ಹೋಗುತ್ತಿದ್ದ. ಮಗಳು ಓಡಿ ಅವನ ತೋಳು ಹಿಡಿದಳು.

"ಮಾಮ, ಮುಚ್ಚಿಡಬೇಡಿ. ನಿನ್ನೆ ಆ ತಾಯಿ ಸುಮ್ನೆ ಕೂತಾಗ ಜನ ಕೆಮ್ಮಿದ್ರಾ?"

"ಈಗಿನವರೆಲ್ಲಿ ಕೆಮ್ತಾರೆ ಪುಟ್ಟಿ? ಫೋನ್ ತೆಗೀತಾರೆ. ಮಿಂಚುಹುಳದ ಹಾಗೆ ಸಾಲುಸಾಲು ಬೆಳಕು. ಕೆಲವರು ಎದ್ದೂ ಹೋದ್ರು."

"ಅಪ್ಪ ಎಷ್ಟು ದಿನ ಅಂದ್ರು?"

"ಮಾಲೀಕರು ಕೇಳಿದ್ರು. 'ಗೊತ್ತಾಗ್ಲಿಲ್ಲ' ಅಂದ್ರು. ಆ ಮಾತು ಅವರ ಬಾಯಲ್ಲಿ ನಾನು ಕೇಳೇ ಇರ್ಲಿಲ್ಲ." ಮುದುಕ ಜೇಬಿನಲ್ಲಿ ಬೀಗದ ಕೈ ತಡಕಿದ. "ಬಾ, ತೋರಿಸ್ತೀನಿ."

ಸಾವಿನ ಗೌರವಕ್ಕೆ ಆಟ ನಿಲ್ಲಿಸಿದ್ದ ಥಿಯೇಟರು ಬಿಕೋ ಎನ್ನುತ್ತಿತ್ತು. ಅವನು ಮೂಲೆಗೆ ಟಾರ್ಚು ಬಿಟ್ಟ.

"ಆ ತಾಯಿ ಕೂತ್ಲಲ್ಲ, ಆಗ ಎದ್ರು. ಕುರ್ಚಿ ತಿರುಗಿಸಿಕೊಂಡ್ರು. ಜನಕ್ಕೆ ಬೆನ್ನು ಹಾಕಿ ಕೊನೇವರೆಗೂ ನೋಡಿದ್ರು. ಗುಡಿಸೋಳು ಸರಿಸೋಕೆ ಬಂದ್ಲು, ನಾನೇ ಬೇಡ ಅಂದೆ."

ಫೋನು ಬಡಿದುಕೊಂಡಿತು.

"ಕತ್ತರಿಸಲ್ಲ ಸರ್," ಎಂದಳು ಮಗಳು.

ನಲವತ್ತು ವರ್ಷದ ಭಾರಕ್ಕೆ ಸಿಮೆಂಟಿನ ನೆಲದಲ್ಲಿ ಬಿದ್ದಿದ್ದ ನಾಲ್ಕು ಗುಳಿಗಳು ಬರಿದಾಗಿದ್ದವು. ಅವುಗಳಿಂದ ಒಂದು ಮೊಳ ಈಚೆಗೆ, ಖಾಲಿ ಬಿಳಿ ತೆರೆಯತ್ತ ಮುಖ ಮಾಡಿ, ಕುರ್ಚಿ ನಿಂತಿತ್ತು.