ನಾಲ್ಕನೇ ಕಾಲಿನ ಕೆಳಗೆ

ಬೆಳಕು ನುಸುಳುತ್ತಿದೆ, ಅಲ್ಲೇ, ಹಿಂದಿನ ಎಡಗಾಲಿನ ಕೆಳಗೆ, ಕೂದಲೆಳೆಯಷ್ಟು, ಬೇರೆ ಯಾರಿಗೂ ಕಾಣದಷ್ಟು, ಆದರೆ ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಕೂತು ಊರವರ ಕಣ್ಣು ಪರೀಕ್ಷೆ ಮಾಡುವವಳಿಗೆ ಕಾಣದೆ ಇರುತ್ತದೆಯೇ, ಅವಳು ತಣ್ಣನೆಯ ನೆಲಕ್ಕೆ ಕೆನ್ನೆಯೊತ್ತಿ ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು, ಕುರ್ಚಿಯ ಮೂರು ಕಾಲು ನೆಲಕ್ಕೆ ಬೇರು ಬಿಟ್ಟ ಹಾಗೆ ನಿಂತಿವೆ, ನಾಲ್ಕನೆಯದು ಮಾತ್ರ ಮುನಿಸಿಕೊಂಡ ಬೀಗರ ಹಾಗೆ ನೆಲ ಮುಟ್ಟಲೊಲ್ಲದು — ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆದರೆ ಒಂದೊಂದು ಸಲ ನೆಲವೂ ಡೊಂಕಿರುತ್ತದಲ್ಲ, ಟೈಲ್ಸ್ ಹಾಕಿದವನೇನು ದೇವರೇ, ಅವಳು ಎದ್ದು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಮತ್ತೆ ಮಲಗಿ ನೋಡುತ್ತಾಳೆ, ಬೆಳಕಿನ ಗೆರೆ ಆ ಕಾಲಿನ ಜೊತೆಗೇ ಬಂದಿದೆ, ಸರಿ, ಪಾಪ ಟೈಲ್ಸಿನವನ ತಪ್ಪಲ್ಲ. ಮೊಬೈಲು ಗುರ್ರೆಂದಿತು, ಇವರು, ಅವಳ ಗಂಡ, ಆಸ್ಪತ್ರೆಯಿಂದ ಹೊರಟ್ವಿ ಕಣೇ, ಅಕ್ಕ ಮುಂದಿನ ಸೀಟಲ್ಲಿ ಕೂತಿದಾರೆ, ಡ್ರೈವರಿಗೆ ಗಾಡಿ ಓಡಿಸೋದು ಹೇಳಿಕೊಡ್ತಿದಾರೆ. ಅವಳಿಗೆ ನಗು ಬಂತು, ಮಂಡಿ ಹೊಸದು, ಬಾಯಿ ಹಳೆಯದೇ.

ನೋಡೇ, ಎಂದಿದ್ದಳು ಅಕ್ಕ, ಹೋದ ವಾರ ಆಸ್ಪತ್ರೆಯ ಮಂಚದ ಮೇಲೆ ದಿಂಬಿಗೊರಗಿ, ನಿನ್ನ ಮನೆಗೆ ಬರ್ತೀನಿ, ಕೂತ್ಕೋತೀನಿ, ಯಾರ ಕೈನೂ ಹಿಡೀದೆ ಎದ್ರೆ ಇರ್ತೀನಿ, ಏಳೋಕಾಗ್ಲಿಲ್ಲ ಅಂದ್ರೆ ನನ್ನ ಮನೆಗೆ ಬಿಟ್ಬಿಡಿ, ನರ್ಸಮ್ಮನ್ನ ಇಟ್ಕೋತೀನಿ, ತಂಗಿ ಕೈಲಿ ಎತ್ತಿಸ್ಕೊಳ್ಳೋ ದಿನ ನನಗೆ ಬೇಡ — ಅಕ್ಕ ಹೇಳಿದರೆ ಹೇಳಿದ್ದೇ, ಗಿಣಿಗೆ ಹೇಳಿದ ಹಾಗೆ ಬಿಡಿಸಿ ಹೇಳಿದರೂ ಮನಸ್ಸು ಬದಲಿಸುವವಳಲ್ಲ, ಅಮ್ಮ ಹೋದಮೇಲೆ ಇವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಜಡೆ ಹೆಣೆದವಳು, ಹೆಣೆಯುವಾಗ ಅಲುಗಾಡಿದರೆ ಬಾಚಣಿಗೆಯಲ್ಲೇ ತಲೆಗೆ ಕುಟ್ಟಿದವಳು, ಆಗ ಎತ್ತಿಕೊಂಡದ್ದಕ್ಕೆ ಈಗ ಎತ್ತಬಾರದಂತೆ, ಇದ್ಯಾವ ನ್ಯಾಯ. ಮನೆಯ ಸೋಫಾದಲ್ಲಿ ಕೂತರೆ ಮುಗಿಯಿತು, ಕೆಸರಿಗಿಳಿದ ಎಮ್ಮೆ, ಇದೂ ಅಕ್ಕನದೇ ಮಾತು. ವ್ಯಾಯಾಮ ಹೇಳಿಕೊಡುವಾಕೆ ಅಕ್ಕನ ಮೊಣಕಾಲಿನ ಪಕ್ಕ ಕೈಯಿಟ್ಟು ತೋರಿಸಿದ್ದಳು, ಸೀಟು ಇಷ್ಟು ಎತ್ತರ ಇರ್ಲೇಬೇಕು ಮೇಡಂ, ಇದಕ್ಕಿಂತ ಕಮ್ಮಿಯಾದ್ರೆ ಇವರಿಗೆ ಏಳೋಕಾಗಲ್ಲ. ಮನೆಗೆ ಬಂದಮೇಲೆ ಇವರು ಅಂದರು, ಅಂಗಡೀಲಿ ಸಿಗುತ್ತೆ, ತಂದುಬಿಡೋಣ. ಅವಳು ಅಂದಳು, ನಾನು ಮಾಡ್ತೀನಿ. ಇವರು ಬಾಲ್ಕನಿಯ ಕಡೆ ನೋಡಿದರು, ಅಲ್ಲಿ ಗೋಡೆಯ ತುಂಬ ಸಾಲಾಗಿ ತೂಗುಹಾಕಿದ ಗರಗಸ, ಉಳಿ, ಕೀಸುಳಿ, ಕೊಡತಿ, ಇಷ್ಟೆಲ್ಲ ಇಟ್ಟುಕೊಂಡು ಇಷ್ಟು ವರ್ಷದಲ್ಲಿ ಅವಳು ಮಾಡಿ ಮುಗಿಸಿದ್ದು ಎರಡು ಸೌಟು, ಅದರಲ್ಲೊಂದು ಸೋರುತ್ತದೆ, ಮರದ ಸೌಟು ಹೇಗೆ ಸೋರುತ್ತದೆ ಎಂದು ಕೇಳಬಾರದು.

ಆದರೆ ಆ ಸುಖ ಇವರಿಗೆ ಹೇಗೆ ಗೊತ್ತಾಗಬೇಕು, ಕೀಸುಳಿಯ ತಳಕ್ಕೆ ಮೇಣದಬತ್ತಿ ಸವರಿ, ಸಣ್ಣ ಸುತ್ತಿಗೆಯಲ್ಲಿ ಅಲಗನ್ನು ಟಿಣ್ ಎಂದು ಇಷ್ಟೇ ಇಷ್ಟು ಕೆಳಗಿಳಿಸಿ, ಮೈಭಾರವನ್ನೆಲ್ಲ ಮುಂಗೈಗೆ ಬಿಟ್ಟು ಹಲಗೆಯ ಈ ತುದಿಯಿಂದ ಆ ತುದಿಗೆ ನೂಕಿದರೆ ಸುಯ್ಯ್ ಎಂದು ಒಂದೇ ಉಸಿರು, ಮರದಿಂದ ಎದ್ದು ಬರುವ ಸುರುಳಿ ಎಷ್ಟು ತೆಳು ಎಂದರೆ ಕೈಯ ಗೆರೆ ಅದರೊಳಗಿಂದ ಕಾಣಬೇಕು — ಮೆಷಿನ್ನಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ನಿಜ, ಪಕ್ಕದ ಮನೆಯಾಕೆ ಕೇಳಿದ್ದೂ ಉಂಟು, ಯಾಕ್ರೀ ಕರೆಂಟಿಲ್ವಾ ನಿಮ್ಮನೇಲಿ. ಭಾನುವಾರ ಸೇರುವ ಮರಗೆಲಸದ ಗುಂಪಿನವರಿಗೆ ಮಾತ್ರ ಇದು ಅರ್ಥವಾಗುತ್ತದೆ, ಎಲ್ಲ ಒಂದೇ ಹುಚ್ಚಿನವರು, ಹಲ್ಲಿನ ಡಾಕ್ಟರಿದ್ದಾರೆ, ಸಾಣೆ ಡಾಕ್ಟರೆಂದೇ ಹೆಸರು, ಉಳಿ ಮಸೆಯುವುದು, ಮುಂಗೈ ಕೂದಲು ಬೋಳಿಸಿ ಹರಿತ ನೋಡುವುದು, ಮತ್ತೆ ಮಸೆಯುವುದು, ಎಡಗೈ ಕೂಸಿನ ಕೆನ್ನೆಯಂತಾಗಿದೆ, ಆ ಉಳಿಗೆ ಮರದ ರುಚಿ ಇನ್ನೂ ಗೊತ್ತಿಲ್ಲ. ಅವಳಿಗೆ ಅವರಿಟ್ಟ ಹೆಸರು ‘ಇನ್ನೊಂದೇ ಸಲ’. ಸುಮ್ಮನೆ ಬಂದದ್ದಲ್ಲ ಅದು, ಈ ಕುರ್ಚಿಯ ಸೀಟಿಗೆಂದು ಮೊದಲು ತಂದ ಹಲಗೆ ನುಣುಪಾಗಿತ್ತು, ಆಗಲೇ ನುಣುಪಾಗಿತ್ತು, ಆದರೆ ಸುರುಳಿ ಬರುತ್ತಿದ್ದದ್ದು ಎಷ್ಟು ಚಂದ, ಇನ್ನೊಂದೇ ಸಲ ಎಂದು ನೂಕಿದಳು, ಇನ್ನೊಂದೇ ಸಲ, ಕಾಲ ಬಳಿ ಸುರುಳಿಗಳ ರಾಶಿ ಬೆಕ್ಕಿಗೆ ಹಾಸಿಗೆಯಾಗುವಷ್ಟು ಬೆಳೆಯಿತು, ತಲೆಯೆತ್ತಿ ನೋಡಿದರೆ ಹಲಗೆ ಇದ್ದ ಕಡೆ ರಟ್ಟು, ಸಾಣೆ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಹೇಳಿದರು, ಕುರ್ಚಿ ಮಾಡೋಕೆ ಹೋಗಿ ಬೀಸಣಿಗೆ ಮಾಡಿದೀರಲ್ರೀ, ತುಂಬಾ ಚೆನ್ನಾಗಿದೆ. ಅತಿಯಾದರೆ ಅಮೃತವೂ ವಿಷ. ಅವಳೂ ನಕ್ಕಳು, ನಗುತ್ತಲೇ ನೆನಪಾಯಿತು, ಅಕ್ಕ ಕೂರಬೇಕಾದ ಹಲಗೆ ಅದು.

ಎರಡನೆಯದು ಸರಿ ಬಂತು. ಸರಿಯೆಂದರೆ ಸರಿಯೇ, ಕಾಲುಗಳು ಸೀಟಿನ ತೂತಿಗೆ ಒಂದು ಮೊಳೆಯಿಲ್ಲದೆ ಕೂತವು, ಬೆಣೆ ಬಡಿದಾಗ ಮೊದಲು ಟೊಳ್ಳು ಸದ್ದು, ಆಮೇಲೆ ಗಟ್ಟಿ ಸದ್ದು, ಆ ಗಟ್ಟಿ ಸದ್ದು ಕೇಳಿದಾಗ ಅವಳಿಗೆ ಆದ ಆನಂದಕ್ಕೆ ಹೆಸರಿಲ್ಲ, ಬಾಲ್ಕನಿಯಲ್ಲಿ ಒಬ್ಬಳೇ ನಿಂತು ಸೆರಗಿನಲ್ಲಿ ಬೆವರೊರೆಸಿಕೊಂಡು ನಕ್ಕಿದ್ದಳು, ಎತ್ತರವೂ ಹೇಳಿದಷ್ಟೇ, ಎಲ್ಲ ಸರಿ, ಈ ಬೆಳಕೊಂದು ಬಿಟ್ಟು. ಕೈ ಆಗಲೇ ಕೀಸುಳಿಯ ಮೇಲಿದೆ. ಯಾವಾಗ ಹೋಯಿತೋ. ಗಿಡ್ಡ ಕಾಲನ್ನು ಉದ್ದ ಮಾಡಲಾಗದು, ಉಳಿದ ಮೂರನ್ನು ಕೀಸಬೇಕು, ಒಂದೊಂದು ಸಲ, ಒಂದೇ ಒಂದು ಸಲ, ಆಗ ಅದು ನೆಲ ಮುಟ್ಟುತ್ತದೆ, ಆದರೆ ಬಲಗಾಲು ಎದ್ದೀತು, ಎದ್ದರೆ ಅದಕ್ಕೆ ಇನ್ನೊಂದು — ಹಿಂದೊಮ್ಮೆ ಸ್ಟೂಲೊಂದನ್ನು ಹೀಗೇ ಸರಿಮಾಡಲು ಹೋಗಿ ಅದು ಕಾಲ್ಮಣೆಯಾಯಿತು, ಕಾಲ್ಮಣೆ ಮಣೆಯಾಯಿತು, ಈಗ ಅದರ ಮೇಲೆ ಹೂಕುಂಡ ಇದೆ, ಹೂಕುಂಡಕ್ಕೆ ಮಂಡಿಯಿಲ್ಲ, ಅಕ್ಕನಿಗಿದೆ. ಇಷ್ಟು ಎತ್ತರ ಇರ್ಲೇಬೇಕು ಮೇಡಂ. ಆದರೆ ಕೂತಾಗ ಕುರ್ಚಿ ಕಟಕ್ಕೆಂದರೆ, ಅಕ್ಕ ಹೆದರಿದರೆ, ಗೋಡೆಗೆ ಕೈ ಚಾಚಿದರೆ, ಯಾರದಾದರೂ ಕೈಗೆ ಚಾಚಿದರೆ, ಅಲ್ಲಿಗೆ ಮುಗಿಯಿತು, ಮನೆಗೆ ಬಿಟ್ಬಿಡಿ. ಅಕ್ಕ ಇಲ್ಲಿರಬೇಕು. ಅಷ್ಟೇ ಅವಳಿಗೆ ಬೇಕಾದದ್ದು, ಬೆಳಿಗ್ಗೆ ಏಳುವಾಗ ಆ ಕೋಣೆಯಿಂದ ಕೆಮ್ಮು ಕೇಳಬೇಕು, ಕಾಫಿ ನೀರಾಯ್ತು ಎಂಬ ಗೊಣಗು ಕೇಳಬೇಕು. ಕೀಸುಳಿಯನ್ನು ಎತ್ತಿದಳು. ಇಳಿಸಿದಳು. ಬೆಳಕಿನ ಗೆರೆ ಅಲ್ಲೇ ಇದೆ, ಹರಿತವಾಗಿ. ಲಿಫ್ಟಿನ ಬಾಗಿಲು ತೆರೆಯಿತು, ವಾಕರಿನ ಟಕ್, ಟಕ್, ಅಕ್ಕನ ದನಿ, ನಿಮ್ಮ ಲಿಫ್ಟಿಗಿಂತ ನಾನೇ ವಾಸಿ. ಅವಳು ಕೀಸುಳಿಯನ್ನು ಗೋಡೆಗೆ ತೂಗುಹಾಕಿ, ಹಿಂದಿರುಗಿ ನೋಡದೆ ಬಂದು ಬಾಗಿಲು ತೆಗೆದಳು.

ಇದೇನಾ ನಿನ್ನ ಸಿಂಹಾಸನ, ಎನ್ನುತ್ತ ಅಕ್ಕ ಕುರ್ಚಿಯ ಮೇಲೆ ಅಂಗೈ ಆಡಿಸಿದಳು, ಒಮ್ಮೆ, ಇನ್ನೊಮ್ಮೆ, ಸರಿ ಎಲ್ಲರೂ ದೂರ ನಿಂತ್ಕೊಳ್ಳಿ, ನೀನೂ, ಮುಖ ನೋಡ್ಬೇಡ ನನ್ನ, ಪರೀಕ್ಷೆ ಬರೆಯೋ ಮಗೂನ ನೋಡೋ ಹಾಗೆ ನೋಡ್ತೀಯ, ಅವಳು ನೋಡದೆ ಇರಲೆಂದು ನೆಲದಲ್ಲಿ ಚೆದುರಿದ ಸುರುಳಿಗಳನ್ನು ಆಯುವ ನೆಪದಲ್ಲಿ ಮೊಣಕಾಲೂರಿ ಕೂತಳು, ತಲೆ ತಗ್ಗಿಸಿದಳು, ಕಣ್ಣೆದುರಿಗೆ ಅದೇ ಕಾಲು, ಅದೇ ಗೆರೆ. ಮೇಲೆ ಸೀರೆಯ ಸರಬರ, ಉಸಿರು ಬಿಗಿಹಿಡಿದ ಸದ್ದು, ಬೆಳಕು ಆರಿತು. ಕಟಕ್ಕೆನ್ನಲಿಲ್ಲ, ಅಕ್ಕನ ಭಾರಕ್ಕೆ ಕಾಲು ಮೆಲ್ಲಗೆ ನೆಲಕ್ಕೆ ಒರಗಿತು, ಸಂದಿಯಿದ್ದಲ್ಲಿ ಕಪ್ಪು. ಹೂಂ, ಎಂದಳು ಅಕ್ಕ, ಗಟ್ಟಿಯಾಗಿದೆ, ಸೌಟಿನ ಹಾಗಿಲ್ಲ. ಇವರು ನಕ್ಕರು. ಅಕ್ಕ ವಾಕರನ್ನು ಆಚೆ ನೂಕಿದ್ದು ಕೇಳಿಸಿತು, ಇವರು ಒಂದು ಹೆಜ್ಜೆ ಮುಂದೆ ಬಂದಿದ್ದು, ಬೇಡ ಅಂದ್ನಲ್ಲ ಎಂದು ಅಕ್ಕ ಅಂದದ್ದು, ಅವಳ ಕೈಯಲ್ಲಿದ್ದ ಸುರುಳಿ ಪುಡಿಯಾಯಿತು, ಕಪ್ಪು, ಇನ್ನೂ ಕಪ್ಪು, ಅಕ್ಕನ ಉಸಿರು, ಇನ್ನೊಂದು ಉಸಿರು, ಇನ್ನೊಂದೇ ಸಲ ಅಕ್ಕಾ, ಇನ್ನೊಂದೇ ಸಲ, ಕಪ್ಪು, ಕಪ್ಪು — ಬೆಳಕು. ಕೂದಲೆಳೆಯಷ್ಟು. ಕಾಲಿನ ಕೆಳಗೆ ಬೆಳಕು.