ಸುದ್ದಿ ತಲುಪದ ಫೋನು

"ಸಾಕಪ್ಪಾ, ಇನ್ನೇನೂ ಒತ್ತಬೇಡ!" ಎಂದು ಮಗಳು ಫೋನು ಕಿತ್ತುಕೊಳ್ಳುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಹೆಂಡತಿಯ ಸಾವಿನ ಸುದ್ದಿ ಕಳಿಸಲು ಹೋದರೆ ಜಾಗವಿಲ್ಲ ಎಂದಿತ್ತು ಫೋನು. ಜಾಗ ಮಾಡಲು ಹೋದವನು ಅವಳು ಮಾತಾಡಿ ಕಳಿಸಿದ್ದ ಸಂದೇಶಗಳನ್ನೆಲ್ಲ ಅಳಿಸಿಬಿಟ್ಟಿದ್ದ. ಇಬ್ಬರದೂ ಒಂದೇ ಖಾತೆ. ಅವಳ ಫೋನಿನಲ್ಲೂ ಅಳಿಸಿಹೋಗಿತ್ತು.

ಅವಳು ನಡುಮನೆಯಲ್ಲಿ ಮಲಗಿದ್ದಳು, ಗಲ್ಲದವರೆಗೂ ಹೂವು. ಕಿಟಕಿಯ ಬಿಸಿಲು ಗೋಡೆಯ ಮೇಲೆ ನೀರಿನಂತೆ ಅಲುಗುತ್ತಿತ್ತು.

"ಇಪ್ಪತ್ತು ವರ್ಷ ಆಫೀಸಿನ ಕಂಪ್ಯೂಟರಲ್ಲಿ ಕಂಡವರ ಫೋಟೋನೆಲ್ಲ ಮೂರ್ಮೂರು ಕಡೆ ಇಟ್ಟು ಕಾಪಾಡಿದ್ಲು ಅತ್ತಿಗೆ," ಎಂದಳು ಅವನ ತಂಗಿ. "ಅವಳ ದನಿ ಕಾಯೋಕೆ ಸಿಕ್ಕಿದ್ದು ನಮ್ಮಣ್ಣ!"

ಬಸ್ಸು ಓಡಿಸಿ ಹಣ್ಣಾದವನು ಅವನು.

"ಭಾವ, ಅಕ್ಕನ ಹಳೇ ಫೋನ್ ಇದೆಯಾ?" ಕೇಳಿದವಳು ಹೆಂಡತಿಯ ಕಚೇರಿಯಲ್ಲಿ ಪಕ್ಕದ ಮೇಜಿನವಳು, ಅವಳಿಂದಲೇ ಕೆಲಸ ಕಲಿತವಳು.

"ಬೀರುವಿನಲ್ಲಿದೆ. ವರ್ಷದಿಂದ ಆಫ್ ಆಗಿದೆಯಮ್ಮ."

"ಸದ್ಯ! ಅದಕ್ಕಿನ್ನೂ ಅಳಿಸಿದ ಸುದ್ದಿ ಗೊತ್ತಿಲ್ಲ."

*

ಹಿಂದೊಮ್ಮೆ ಮಧ್ಯಾಹ್ನವೇ ಮನೆಗೆ ಬಂದ ಹೆಂಡತಿ ಚೀಲವನ್ನೂ ಇಳಿಸದೆ ಕೂತಿದ್ದಳು.

"ಏನಾಯ್ತೇ?"

"ಸತ್ತವರನ್ನೆಲ್ಲ ಎಬ್ಬಿಸಿ ಬಂದೆ."

ಜನ ಅಳಿಸಿದ ಚಿತ್ರ ಎಲ್ಲ ಪ್ರತಿಗಳಿಂದಲೂ ಹೋಗಬೇಕು. ಕಚೇರಿಯಲ್ಲಿ ಆ ಪ್ರತಿಗಳನ್ನಿಡುವ ಯಂತ್ರಗಳಲ್ಲಿ ತಿಂಗಳುಗಟ್ಟಲೆ ಕೆಟ್ಟು ಕೂತಿದ್ದ ಒಂದನ್ನು ಅವಳು ಹಾಗೇ ಮತ್ತೆ ಜೋಡಿಸಿದ್ದಳು. ಅಳಿಸಿದ್ದು ಅದಕ್ಕೇನು ಗೊತ್ತು? ಉಳಿದವು ಕಳೆದುಕೊಂಡಿವೆ ಎಂದು ತಿಳಿದು, ಎಲ್ಲಕ್ಕೂ ಆ ಅಳಿಸಿದ ಚಿತ್ರಗಳನ್ನು ಮತ್ತೆ ಹಂಚಿಬಿಟ್ಟಿತ್ತು.

"ತೂಕಡಿಸ್ತಿದ್ದ ಕಂಡಕ್ಟರು ಎದ್ದು, ದಾಟಿಹೋದ ಸ್ಟಾಪು ಕೂಗಿದ ಹಾಗೆ," ಎಂದಿದ್ದ ಅವನು.

ಅವಳು ಬಿದ್ದು ಬಿದ್ದು ನಕ್ಕಿದ್ದಳು. ಮಾರನೆಯ ದಿನ ಬೈಸಿಕೊಳ್ಳಲು ಹೊರಟಾಗಲೂ ನಗುತ್ತಿದ್ದಳು.

*

ಪಕ್ಕದ ಮೇಜಿನವಳು ಹಳೇ ಫೋನಿನ ಸಿಮ್ ತೆಗೆದಳು. ಮಗಳು ವೈಫೈ ಪ್ಲಗ್ಗು ಕಿತ್ತಳು.

"ನೆಟ್ ಸಿಕ್ಕಿತೋ, ಸುದ್ದಿ ತಿಳಿದು ಇದೂ ಅಳಿಸ್ಬಿಡುತ್ತೆ. ಯಾರೂ ಕೈ ಹಚ್ಚಬೇಡಿ," ಎಂದಳು ಪಕ್ಕದ ಮೇಜಿನವಳು.

ಚಾರ್ಜಿಗೆ ಹಾಕಿದ ಫೋನಿನ ಸುತ್ತ ಬಂದವರೆಲ್ಲ ಹೆರಿಗೆ ಕೋಣೆಯ ಹೊರಗಿನವರಂತೆ ಕಾದರು. ಪರದೆ ಬೆಳಗಿತು. ಸಂದೇಶಗಳು ಹಾಗೇ ಇದ್ದವು. ಮಗಳು ಒಂದನ್ನು ಒತ್ತಿದಳು.

"ಎಲ್ಲಿದ್ದೀರಿ? ಗೇಟಿಗೆ ಬೀಗ ಜಡಿದು ಹೋಗಿದ್ದೀರಲ್ಲ, ಜಾಣರು! ಬಿಸಿಲಲ್ಲಿ ನಿಂತಿದ್ದೀನಿ. ಬೇಗ ಬನ್ನಿ."

ಅವನೆದ್ದು ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದುಕೊಂಡ. ಹೂವಿಗೆ ಕಾಲು ತಾಗದಂತೆ ಹೆಂಡತಿಯ ಪಕ್ಕದಿಂದ ಹಾದು, ಬರಿಗಾಲಲ್ಲೇ ಹೊರಗೆ ಧಾವಿಸಿದ.

ಬೆಳಗಿನಿಂದ ಜನ ಬರುತ್ತಲೇ ಇದ್ದ ಗೇಟು ಹಾರುಹೊಡೆದಿತ್ತು. ಕೀಲಿಕೈ ಮುಂದೆ ಚಾಚಿ ಅವನು ಬಿಸಿಲಿನಲ್ಲಿ ನಿಂತೇ ಇದ್ದ.