ಗುಣವತಿಯ ಪಥ್ಯ

ಹೆಲನ್ ಬ್ಯಾಂಡೇಜಿನ ಕೊನೆಯ ಸುತ್ತು ಬಿಚ್ಚಿದಾಗ ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ಅಭ್ಯಾಸದಂತೆ ನೀರು ಚಿಮುಕಿಸಿ, ನೆನೆಯಲೆಂದು ಕಾದಳು. ಸತ್ತವರಿಗೆ ನೋವಿಲ್ಲವೆಂಬುದು ಆಮೇಲೆ ನೆನಪಾಯಿತು. ಆದರೂ ಮೆಲ್ಲನೆ ಎಳೆದಳು.

ಉರ್ವದ ಆ ಮನೆಗೆ ವರ್ಷಗಳಿಂದ ಡ್ರೆಸ್ಸಿಂಗ್ ಮಾಡಲು ಬರುತ್ತಿದ್ದ ನರ್ಸ್ ಅವಳು. ಗುಣವತಿಯವರ ಅಂಗಾಲಿನ ಹುಣ್ಣು ಮುಚ್ಚಲೇ ಇಲ್ಲ. ನಂಜು ರಕ್ತಕ್ಕೇರಿ ನಿನ್ನೆ ಪ್ರಾಣ ಹೋಗಿತ್ತು.

ಶವದ ಸ್ನಾನಕ್ಕೆ ನೀರು ತಂದ ಗುಣವತಿಯವರ ನಾದಿನಿ ಜಯ ಗಾಯ ಕಂಡು ಮುಖ ತಿರುಗಿಸಿದರು. "ಎಂತ ಮಾಡುದು? ಶುಗರ್ ಉಂಟಂತ ಗೊತ್ತಿದ್ದೂ ಬಾಯಿ ಕಟ್ಟಲಿಲ್ಲ. ಅಣ್ಣ ಎಷ್ಟು ಹೇಳಿದ್ರು."

ಗುಣವತಿಯವರ ಗಂಡ ಮಹಾಬಲ ಬಾಗಿಲ ಬಳಿ ನಿಂತಿದ್ದರು.

"ಅಮ್ಮ ಬಾಯಿ ಕಟ್ಟಿದ್ರು ಮಾಮಿ," ಎಂದಳು ಮಗಳು ಮನ್ವಿತಾ, ಅತ್ತೆಯತ್ತ ತಿರುಗಿ.

*

ಕಳೆದ ವರ್ಷ, ಜಯ ಅವರ ಮಗ ಶೋಭಿತ್‌ನ ಮದುವೆಯ ಊಟ. ಬಡಿಸುವವನು ಗುಣವತಿಯವರ ಎಲೆಗೂ ಹೋಳಿಗೆ ಹಾಕಿ ಮುಂದೆ ಹೋಗಿದ್ದ. ಅವರು ಮುಟ್ಟಿರಲಿಲ್ಲ. ಎದುರು ಸಾಲಿನಿಂದ ಮಹಾಬಲ ಎದ್ದು ಬಂದು ಹೋಳಿಗೆಯನ್ನು ಎತ್ತಿಕೊಂಡರು.

"ಕದ್ದು ತಿಂದದ್ದು ಸಾಕಾಗ್ಲಿಲ್ವಾ? ಗಾಯವೇ ಹೇಳ್ತದೆ."

ಸುತ್ತಲಿದ್ದವರು ತಲೆ ತಗ್ಗಿಸಿ ಉಣ್ಣತೊಡಗಿದರು.

ಅಂದು ಸಂಜೆ ಗುಣವತಿ ಮಗಳನ್ನು ಕೇಳಿದ್ದರು. "ನಾನು ತಿನ್ನುದಿಲ್ಲ ಅಂತ ಈ ಗಾಯಕ್ಕೆ ಯಾಕೆ ಗೊತ್ತಾಗುದಿಲ್ಲ ಮಗಾ?"

ಆಮೇಲೆ ಅವರು ಯಾರ ಮನೆಯ ಊಟಕ್ಕೂ ಹೋಗಲಿಲ್ಲ.

*

"ಎರಡು ವರ್ಷದಿಂದ ಅಮ್ಮನ ಶುಗರ್ ಸರಿಯೇ ಇತ್ತು," ಬಲ್ಮಠದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮನ್ವಿತಾ ಮುಂದುವರಿಸಿದಳು. "ಮೊದಲಿನ ಸಕ್ಕರೆ ಚರ್ಮದ ಜೀವಕೋಶದಲ್ಲಿ ಗುರುತು ಬಿಟ್ಟಿರ್ತದೆ ಮಾಮಿ. ಜೀನ್ ಹಾಳಾಗುದಿಲ್ಲ, ಅದಕ್ಕೆ ಬೀಗ ಬಿದ್ದ ಹಾಗೆ. ಆಮೇಲೆ ಎಷ್ಟು ಪಥ್ಯ ಮಾಡಿದ್ರೂ ಕೆಲವರಲ್ಲಿ ಆ ಬೀಗ ಬಿಡುದಿಲ್ಲ. ಹೊಸ ಚರ್ಮ ಬರುದೇ ಇಲ್ಲ."

ಜಯ ತಂಬಿಗೆ ಕೆಳಗಿಟ್ಟರು.

"ನನಗೆ ಯಾಕೆ ಹೇಳ್ಲಿಲ್ಲ?" ಮಹಾಬಲ ಒಳಗೆ ಬಂದರು.

"ಹೇಳಿದ್ದೆ ಪಪ್ಪ. ಅಮ್ಮನ ಪರ ಮಾತಾಡ್ಬೇಡ ಅಂದ್ರಿ."

ಮಹಾಬಲ ಹೆಲನ್‌ಳತ್ತ ನೋಡಿದರು. ಅವಳು ತಲೆ ಎತ್ತದೆ ಕಾಲು ತೊಳೆಯುತ್ತಿದ್ದಳು.

ಬೋಳೂರಿನ ಸ್ಮಶಾನದಲ್ಲಿ ಮಹಾಬಲರೇ ಚಿತೆಗೆ ಬೆಂಕಿ ಇಟ್ಟರು. ಇಟ್ಟವರು ಅಲ್ಲೇ ನಿಂತುಬಿಟ್ಟರು. ಕೆಂಡ ಸಿಡಿದು ಮುಂಗೈ ಮೇಲೆ ಬಿತ್ತು.

"ಮಾವ, ಹಿಂದೆ ಬನ್ನಿ ಮಾರಾಯ್ರೆ!" ಶೋಭಿತ್ ರಟ್ಟೆ ಹಿಡಿದು ಎಳೆದ.

ಹದಿಮೂರನೇ ದಿನ, ಬೊಜ್ಜದ ಉತ್ತರಕ್ರಿಯೆಯ ಊಟಕ್ಕೆ, ಮಹಾಬಲ ನೆಂಟರಿಗೆ ತಾವೇ ಬಡಿಸಿದರು. ಮುಂಗೈಯ ಸುಟ್ಟ ಜಾಗದಲ್ಲಿ ಆಗಲೇ ತೆಳುವಾದ ಗುಲಾಬಿ ಚರ್ಮ ಬಂದಿತ್ತು. ಪ್ರತಿ ಎಲೆಯ ಮುಂದೆ ಬಗ್ಗುವಾಗಲೂ ಅವರು ಅಂಗಿಯ ತೋಳನ್ನು ಎಳೆದು ಅದನ್ನು ಮುಚ್ಚಿಕೊಳ್ಳುತ್ತಿದ್ದರು.